ಬಾಗಿಲು ಒಂದೇ ಇದ್ದಾಗ

ತಾರಿಹಾಳದ ಕೈಗಾರಿಕಾ ಪ್ರದೇಶದ ಗೋದಾಮಿಗೆ ಲಾರಿ ಬಂತೆನ್ನಿ. ಸಾಹುಕಾರರು ತಾವೇ ಚೀಲ ಹೊರುವುದಿಲ್ಲ. ಎಲ್ಲಿಂದ, ಎಲ್ಲಿಗೆ, ಎಷ್ಟು ಚೀಲ ಎಂದು ಹಮಾಲರಿಗೆ ಹೇಳಿ ತಮ್ಮ ಲೆಕ್ಕದ ಪುಸ್ತಕಕ್ಕೆ ಮರಳುತ್ತಾರೆ. ಹಳೆಯ ಪರ್ಸನಲ್ ಕಂಪ್ಯೂಟರುಗಳ 'ಡೈರೆಕ್ಟ್ ಮೆಮೊರಿ ಆಕ್ಸೆಸ್', ಅಂದರೆ ಡಿ.ಎಂ.ಎ. ಕೂಡ ಇಂಥದೇ ಏರ್ಪಾಡು.

1981ರ ಐ.ಬಿ.ಎಂ. ಪಿ.ಸಿ.ಯಲ್ಲಿ ಇಂಟೆಲ್ 8088 ಪ್ರೊಸೆಸರ್ ಸಾಹುಕಾರ, 8237 ಎಂಬ ಚಿಪ್ಪು ಹಮಾಲಿ. ಫ್ಲಾಪಿ ತಿರುಗುವಾಗ ಸುಮಾರು 32 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. ಹೊತ್ತಿಗೆ ಸರಿಯಾಗಿ ಎತ್ತಿಕೊಳ್ಳದಿದ್ದರೆ ಹೋಯಿತು, ಫ್ಲಾಪಿ ಕಾಯುವುದಿಲ್ಲ. ಆದ್ದರಿಂದ ಪ್ರೊಸೆಸರ್, ಮೆಮೊರಿಯ ವಿಳಾಸ ಮತ್ತು ಬೈಟುಗಳ ಸಂಖ್ಯೆಯನ್ನು 8237ರಲ್ಲಿ ಬರೆದಿಟ್ಟು ಬೇರೆ ಕೆಲಸಕ್ಕೆ ಹೋಗುತ್ತದೆ.

ಹಾಗಾದರೆ ಪ್ರೊಸೆಸರಿಗೆ ಪೂರ್ತಿ ಬಿಡುವೇ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜು ಪರೀಕ್ಷೆಯಲ್ಲಿ 'ಡಿ.ಎಂ.ಎ. ನಡೆಯುವಾಗ ಪ್ರೊಸೆಸರ್ ಕೆಲ ಕಾಲ ನಿಲ್ಲಬೇಕಾಗುತ್ತದೆ' ಎಂದು ಬರೆದಿದ್ದಳು. ಗೈಡಿನಲ್ಲಿ ಹಾಗಿಲ್ಲವೆಂದು ಅಂಕ ಕೊಟ್ಟಿರಲಿಲ್ಲ. ತಂದೆಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದಳು. ತಂದೆ ಇಲ್ಲಿಯ ಗೋದಾಮೊಂದರಲ್ಲಿ ಹಮಾಲಿ ಮಾಡುವವರು. ನಾನು ಮೇಲಿನ ಹೋಲಿಕೆ ಹೇಳುತ್ತಿದ್ದಂತೆ ಅವರೇ ಅಂದರು: "ಸರ್ರ, ನಾವ್ ಚೀಲ ಹೊತಗೊಂಡ ಬಾಗಲದಾಗ ಬಂದ್ರ ಸಾಹುಕಾರ್ರೂ ಬಾಜೂಕ ಸರದ ನಿಂದರತಾರ್ರೀ. ಬಾಗಲಾ ಒಂದ ಐತಲ್ರೀ!"

ವಿಷಯ ಇರುವುದೇ ಅಲ್ಲಿ. ಮೆಮೊರಿಗೆ ಹೋಗುವ ದಾರಿಗೆ ಬಸ್ ಎಂದು ಹೆಸರು (ಹುಬ್ಬಳ್ಳಿ–ಧಾರವಾಡ ಬಸ್ಸಲ್ಲ!). ಆ ದಾರಿ ಒಂದೇ. ಫ್ಲಾಪಿಯ ಪ್ರತಿ ಬೈಟಿಗೂ 8237 ದಾರಿ ಕೇಳುತ್ತದೆ. ಆಗ ಪ್ರೊಸೆಸರ್ ದಾರಿ ಬಿಟ್ಟು ನಿಲ್ಲಬೇಕು. 4.77 ಮೆಗಾಹರ್ಟ್ಸ್ ವೇಗದ ಪ್ರೊಸೆಸರಿಗೆ ಎರಡು ಬೈಟುಗಳ ನಡುವೆ ಸುಮಾರು 150 ಗಡಿಯಾರ ಮಿಡಿತಗಳು ಸಿಗುತ್ತವೆ. ಹೋಗುವುದು ಅದರಲ್ಲಿ ಕೆಲವೇ. ಹುಡುಗಿ ಬರೆದದ್ದು ಸರಿಯಾಗಿಯೇ ಇತ್ತು. ಹಾಗೆಂದು ಚೀಟಿ ಬರೆದು ಕಳಿಸಿದೆ.

ಈ ಹಮಾಲಿಗೆ ಇನ್ನೊಂದು ಚಾಕರಿಯೂ ಇತ್ತು. ಮೆಮೊರಿ ಚಿಪ್ಪಿನ ವಿದ್ಯುದಂಶ ಸೋರಿಹೋಗುತ್ತದೆ, ಆಗಾಗ ತುಂಬುತ್ತಿರಬೇಕು. ನಾಲ್ಕು ಚಾನೆಲ್‌ಗಳಲ್ಲಿ ಸೊನ್ನೆಯನೆಯದು ಸುಮಾರು 15 ಮೈಕ್ರೋಸೆಕೆಂಡಿಗೊಮ್ಮೆ ಅದೇ ಕೆಲಸ ಮಾಡುತ್ತಿತ್ತು. ಫ್ಲಾಪಿಯದು ಎರಡನೆಯದು. ಒಮ್ಮೆಗೆ 64 ಕಿಲೋಬೈಟಿಗಿಂತ ಹೆಚ್ಚು ಸಾಗಿಸುವ ತಾಕತ್ತು 8237ಕ್ಕಿರಲಿಲ್ಲ. 1984ರ ಪಿ.ಸಿ. ಎ.ಟಿ.ಯಲ್ಲಿ ಇಂಥ ಎರಡು ಚಿಪ್ಪು ಹಾಕಿದರು. ಎಂಟು ಚಾನೆಲ್‌ಗಳಲ್ಲಿ ಒಂದು ಅವೆರಡರ ಜೋಡಣೆಗೇ ಹೋಗಿ ಉಳಿದದ್ದು ಏಳು.

ಗುಜರಿಯಲ್ಲಿ ಅಷ್ಟು ಹಳೆಯ ಯಂತ್ರ ಸಿಕ್ಕರೆ ಬಿಚ್ಚಿ ನೋಡಿ, ನಲವತ್ತು ಕಾಲಿನ ಉದ್ದನೆಯ ಚಿಪ್ಪಿನ ಮೇಲೆ 8237 ಎಂಬ ಅಂಕಿ ಕಂಡೀತು. ಮುಂದಿನ ಯಂತ್ರಗಳಲ್ಲಿ ಅದನ್ನು ದೊಡ್ಡ ಚಿಪ್ಪಿನೊಳಗೇ ಸೇರಿಸಿಬಿಟ್ಟರು.