ಬೀವರ್ ತಂಡದ ಅಭಿಮಾನಿಯ ಕೆಲವು ಮಾತುಗಳು

ನಾನು ಅಮೆರಿಕದ ಕಾಲೇಜು ಫುಟ್‌ಬಾಲಿನ ಅಭಿಮಾನಿಯಾಗಿರುವ ಸಂಗತಿ ನನ್ನ ಹಳೆಯ ವಿದ್ಯಾರ್ಥಿಗಳ ನಡುವೆ ಹೇಗೋ ಹಬ್ಬಿಬಿಟ್ಟಿದೆ. ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನದ ಪಾಠ ಹೇಳಿ, ಸಂಜೆಯ ಹೊತ್ತು ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಸುತ್ತಿದ್ದ ಮನುಷ್ಯ ಈಗ ಭಾನುವಾರ ಕೋಳಿ ಕೂಗುವ ಮುನ್ನ ಎದ್ದು ಕುಳಿತು, ಶಿರಸ್ತ್ರಾಣ ತೊಟ್ಟ ಹುಡುಗರ ಕಾದಾಟವನ್ನು ನೋಡುತ್ತಾನೆಂದರೆ ನಗು ಬರುವುದು ಸಹಜವೇ. ಅವರ ಶನಿವಾರದ ಮಧ್ಯಾಹ್ನ ನಮ್ಮ ಭಾನುವಾರದ ನಸುಕಿಗಿಂತಲೂ ಮೊದಲು ಬರುತ್ತದೆ, ಏನು ಮಾಡುವುದು. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿಯೇ ಬರೆದುಬಿಡುತ್ತೇನೆ.

ಮಗಳು ಮತ್ತು ಅಳಿಯ ಆರಿಗನ್ ರಾಜ್ಯದ ಕೊರ್ವಾಲಿಸ್ ಎಂಬ ಊರಿನಲ್ಲಿ ನೆಲೆಸಿರುವುದು ಬಂಧುಗಳಿಗೆ ಗೊತ್ತು. ವಿಲಾಮೆಟ್ ನದಿಯ ದಂಡೆಯ ಆ ಊರಿನಲ್ಲಿ ಚಳಿಗಾಲವಿಡೀ ಜಿಟಿಜಿಟಿ ಮಳೆ, ಸುತ್ತ ಕಾಡು, ಮರ ಕೊಯ್ಯುವ ಕಾರ್ಖಾನೆಗಳು. ಮಲೆನಾಡಿನವನಾದ ನನಗೆ ಪರದೇಶವೆಂದು ಅನ್ನಿಸಲೇ ಇಲ್ಲ. ಊರಿನ ಜೀವಾಳ ಅಲ್ಲಿಯ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯ. 1868ರಲ್ಲಿ ಆ ರಾಜ್ಯದ ಕೃಷಿ ಕಾಲೇಜೆಂದು ಗೊತ್ತುಪಡಿಸಿದ ಸಂಸ್ಥೆ ಅದು. ಬೇಸಾಯ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಕಲಿಯಲು ಸಾಮಾನ್ಯರ ಮಕ್ಕಳು ಬರುವ ಜಾಗ. ಮರದ ತುಂಡುಗಳಿಂದ ಹೊಳೆಗೆ ಒಡ್ಡು ಕಟ್ಟುವ ಬೀವರ್ ಎಂಬ ಪ್ರಾಣಿಯೇ ಅವರ ತಂಡದ ಲಾಂಛನ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದ ಯೂಜೀನ್ ನಗರದಲ್ಲಿ ಆರಿಗನ್ ವಿಶ್ವವಿದ್ಯಾಲಯವಿದೆ. ಅವರ ಲಾಂಛನ ಬಾತುಕೋಳಿ. ನೈಕಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಫಿಲ್ ನೈಟ್ ಅಲ್ಲಿ ಓದಿದವರು, ಅಲ್ಲಿಯ ಮಹಾದಾನಿ. ಹೀಗಾಗಿ ಬಾತುಕೋಳಿಯ ರೆಕ್ಕೆಗೆ ಚಿನ್ನದ ಲೇಪ. ಈ ಎರಡು ತಂಡಗಳು 1894ರಿಂದ ಸೆಣಸುತ್ತಿವೆ. ಈ ಪಂದ್ಯಕ್ಕಿದ್ದ ‘ಸಿವಿಲ್ ವಾರ್’ ಎಂಬ ಹೆಸರನ್ನು 2020ರಲ್ಲಿ ಕೈಬಿಟ್ಟರು. ಒಳ್ಳೆಯದೇ ಆಯಿತು. ಲಕ್ಷಾಂತರ ಜನ ಸತ್ತ ಯುದ್ಧದ ಹೆಸರು ಆಟಕ್ಕೆ ಏಕೆ?

ಆಟದ ನಿಯಮಗಳನ್ನು ಇಲ್ಲಿ ವಿವರಿಸಲು ಹೊರಟರೆ ಒಂದು ಪುಸ್ತಕವೇ ಆದೀತು. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ನೆಲ ಗೆಲ್ಲಬೇಕು, ಗೆದ್ದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಇಷ್ಟು ತಿಳಿದರೆ ಸಾಕು. ಎದುರಾಳಿಯ ನೆಲಕ್ಕೆ ನುಗ್ಗಿ ಅಂಗುಲ ಅಂಗುಲಕ್ಕೂ ಹೆಣಗುವ ಈ ಆಟ ಕಬಡ್ಡಿ ಬಲ್ಲವನಿಗೆ ಒಂದೇ ಮಧ್ಯಾಹ್ನದಲ್ಲಿ ಅರ್ಥವಾಗುತ್ತದೆ.

ಆ ಮಧ್ಯಾಹ್ನ ನನಗೆ ಒದಗಿದ್ದು 2022ರ ನವೆಂಬರ್ 26ರಂದು. ಮಗಳ ಪಕ್ಕದ ಮನೆಯಲ್ಲಿರುವ ಹಿರಿಯರೊಬ್ಬರು, ಅರಣ್ಯಶಾಸ್ತ್ರ ಓದಿ ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ತಮ್ಮ ಪತ್ನಿಗೆ ಮೈ ಸರಿಯಿಲ್ಲದ್ದರಿಂದ ಆ ಟಿಕೇಟಿನಲ್ಲಿ ನನ್ನನ್ನು ಕರೆದೊಯ್ದರು. ರೀಸರ್ ಕ್ರೀಡಾಂಗಣದ ಒಂದು ಪಕ್ಕವನ್ನು ಆ ವರ್ಷದ ಆರಂಭದಲ್ಲಿ ಸಿಡಿಮದ್ದಿಟ್ಟು ಉರುಳಿಸಿ ಹೊಸದಾಗಿ ಕಟ್ಟುತ್ತಿದ್ದರು. ನಮ್ಮೆದುರಿಗೆ ಜನರ ಬದಲು ಉಕ್ಕಿನ ಕಂಬಗಳು. (ರೀಸರ್ ಎಂಬುದು ಆಲೂಗಡ್ಡೆಯ ಸಲಾಡ್ ತಯಾರಿಸಿ ಸಿರಿವಂತರಾದ ಕುಟುಂಬದ ಹೆಸರು. ದಾನಿಯ ಹೆಸರನ್ನು ಶಾಲೆಯ ಗೋಡೆಗೆ ಬರೆಸುವುದು ನಮ್ಮಲ್ಲಿಯೂ ಉಂಟಷ್ಟೆ.) ಯೂಜೀನಿನವರು 31-10ರಿಂದ ಮುಂದಿದ್ದರು. ಅಲ್ಲಿಂದ ಮುಂದೆ ಬೀವರ್ ತಂಡದವರು ಚೆಂಡನ್ನು ಎಸೆಯುವ ಗೊಡವೆಯನ್ನೇ ಬಹುಮಟ್ಟಿಗೆ ಬಿಟ್ಟು, ಕಂಕುಳಲ್ಲಿ ಅವುಚಿಕೊಂಡು ಓಡಿ, ಬಿದ್ದು, ಎದ್ದು, ಮತ್ತೆ ಓಡಿ 38-34ರಲ್ಲಿ ಗೆದ್ದರು. ಜನರೆಲ್ಲ ಮೈದಾನಕ್ಕೆ ನುಗ್ಗಿದರು. ಪಕ್ಕದಲ್ಲಿದ್ದ ಹಿರಿಯರು ನುಗ್ಗಲಿಲ್ಲ, ಕುಳಿತಲ್ಲೇ ಕಣ್ಣೊರೆಸಿಕೊಂಡರು. 1967ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದೇ ಮೈದಾನದ ಕೆಸರಿನಲ್ಲಿ, ಓ.ಜೆ. ಸಿಂಪ್ಸನ್ ಆಡುತ್ತಿದ್ದ, ದೇಶಕ್ಕೇ ಮೊದಲನೆಯದೆನಿಸಿದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡವನ್ನು ತಮ್ಮವರು 3-0ಯಿಂದ ಸೋಲಿಸಿದ್ದನ್ನು ಕಂಡವರು ಅವರು. ಅಂದಿನಿಂದ ನಾನೂ ಬೀವರ್ ಪಕ್ಷದವನು.

ಇನ್ನು ಹಣದ ವಿಷಯ. ಇದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ.

ಆ ದೇಶದಲ್ಲಿ ಕಾಲೇಜು ಆಟಗಾರರನ್ನು ಬಹುಕಾಲ ‘ವಿದ್ಯಾರ್ಥಿ-ಕ್ರೀಡಾಪಟು’ ಎಂದೇ ಕರೆಯುತ್ತ ಬಂದಿದ್ದಾರೆ. ಕೇಳಲು ಎಷ್ಟು ಚೆಂದದ ಪದ! ಅದರ ಹುಟ್ಟು ಮಾತ್ರ ಚೆಂದದ್ದಲ್ಲ. 1955ರಲ್ಲಿ ಕೊಲರಾಡೋದ ಒಂದು ಸಣ್ಣ ಕಾಲೇಜಿನ ರೇ ಡೆನಿಸನ್ ಎಂಬ ಆಟಗಾರ ತಲೆಗೆ ಪೆಟ್ಟಾಗಿ ತೀರಿಕೊಂಡ. ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಆತನ ಹೆಂಡತಿ ಕೇಳಿದಳು. 1957ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಆತ ಕಾಲೇಜಿನ ನೌಕರನಲ್ಲ ಎಂದು ಅರ್ಜಿಯನ್ನು ತಳ್ಳಿಹಾಕಿತು. ಇಂಥ ದಾವೆಗಳ ಭಯದಿಂದಲೇ ಆ ಪದವನ್ನು ರೂಢಿಗೆ ತಂದೆವೆಂದು, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯನ್ನು ಮೂರೂವರೆ ದಶಕ ನಡೆಸಿದ ವಾಲ್ಟರ್ ಬೈಯರ್ಸ್ 1995ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಜೀವನವಿಡೀ ‘ವಿದ್ಯಾರ್ಥಿ’ ಎಂಬ ಪದದ ನೆರಳಿನಲ್ಲಿ ಅನ್ನ ಉಂಡ ನನಗೆ ಇದನ್ನು ಓದಿದಾಗ ಸಿಟ್ಟು ಬಂದಿತು.

ಇತ್ತ ಹುಡುಗರಿಗೆ ಶುಲ್ಕ, ಊಟ, ವಸತಿ ಮಾತ್ರ. ಅತ್ತ ಹಣದ ಹೊಳೆ. 1984ರವರೆಗೆ ದೂರದರ್ಶನ ಪ್ರಸಾರದ ಹಕ್ಕು ಎನ್‌ಸಿಎಎ ಹಿಡಿತದಲ್ಲಿತ್ತು. ಆ ವರ್ಷ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ಬಿಡಿಸಿದ ಮೇಲೆ ಪ್ರತಿಯೊಂದು ಕಾನ್ಫರೆನ್ಸ್, ಅಂದರೆ ಒಟ್ಟಾಗಿ ಆಡುವ ಕಾಲೇಜುಗಳ ಒಕ್ಕೂಟ, ತನ್ನ ಪಂದ್ಯಗಳನ್ನು ತಾನೇ ಮಾರತೊಡಗಿತು. 2022ರಲ್ಲಿ ಬಿಗ್ ಟೆನ್ ಎಂಬ ಒಕ್ಕೂಟ ಏಳು ವರ್ಷಗಳಿಗೆ ಮಾಡಿಕೊಂಡ ಒಪ್ಪಂದದ ಮೊತ್ತ 700 ಕೋಟಿ ಡಾಲರಿಗೂ ಹೆಚ್ಚೆಂದು ವರದಿಯಾಗಿತ್ತು. ದೊಡ್ಡ ತಂಡಗಳ ತರಬೇತುದಾರರಿಗೆ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿದ ಸಂಬಳ. 2023ರಲ್ಲಿ ಟೆಕ್ಸಾಸಿನ ಒಂದು ವಿಶ್ವವಿದ್ಯಾಲಯ ತನ್ನ ತರಬೇತುದಾರನನ್ನು ಕೆಲಸದಿಂದ ತೆಗೆಯಲೆಂದೇ 7.5 ಕೋಟಿ ಡಾಲರಿಗೂ ಮಿಕ್ಕ ಹಣ ಕೊಡಲು ಒಪ್ಪಿತು. ಕೆಲಸ ಮಾಡಬೇಡ ಎನ್ನುವುದಕ್ಕೆ ಇಷ್ಟು ಕೊಡಬಲ್ಲವರು, ಮಂಡಿ ಮುರಿದುಕೊಳ್ಳುವ ಹುಡುಗನಿಗೆ ಮಾತ್ರ ಹಣ ಕೊಟ್ಟರೆ ಆಟದ ಪಾವಿತ್ರ್ಯ ಕೆಡುತ್ತದೆ ಎನ್ನುತ್ತಿದ್ದರು.

2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಿಕೊಂಡು ಸಂಪಾದಿಸಬಹುದೆಂದಾಯಿತು. 2025ರ ಜೂನ್ 6ರಂದು ಮತ್ತೊಂದು ದಾವೆಯ ರಾಜಿಗೆ ನ್ಯಾಯಾಲಯದ ಮುದ್ರೆ ಬಿದ್ದು, ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರವೆಂದೂ, 2025-26ರಲ್ಲಿ ಪ್ರತಿಯೊಂದು ವಿಶ್ವವಿದ್ಯಾಲಯ ಸುಮಾರು 2.05 ಕೋಟಿ ಡಾಲರಿನವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದೆಂದೂ ನಿರ್ಧಾರವಾಯಿತು. ಇದಿಷ್ಟೂ ನ್ಯಾಯವೆಂದೇ ನನ್ನ ಮತ. ಹಣ ಬಂದು ಆಟ ಕೆಟ್ಟಿತು ಎನ್ನುವವರಿಗೆ ನನ್ನ ಉತ್ತರ ಒಂದೇ: ಹಣ ಮೊದಲೇ ಬಂದಿತ್ತು, ಆಡಿದವನಿಗೆ ತಲುಪಿರಲಿಲ್ಲ, ಅಷ್ಟೆ.

ನನ್ನ ಸಂಕಟ ಬೇರೆಯೇ ಇದೆ. 1915ರಲ್ಲಿ ಪೆಸಿಫಿಕ್ ಕರಾವಳಿಯ ಒಕ್ಕೂಟ ಹುಟ್ಟಿದಾಗ ಇದ್ದ ನಾಲ್ಕು ಸ್ಥಾಪಕ ಸಂಸ್ಥೆಗಳಲ್ಲಿ ಕೊರ್ವಾಲಿಸ್‌ನದೂ ಒಂದು, ಯೂಜೀನ್‌ನದೂ ಒಂದು. 1959ರಲ್ಲಿ ಆ ಒಕ್ಕೂಟ ಒಡೆದದ್ದು, ತಮಾಷೆಯೆಂದರೆ, ಆಟಗಾರರಿಗೆ ಕದ್ದುಮುಚ್ಚಿ ಹಣ ಕೊಟ್ಟ ಹಗರಣದಿಂದ. ಆಗ ಇಬ್ಬರೂ ಹೊರಗೆ ಉಳಿದರು, 1964ರಲ್ಲಿ ಇಬ್ಬರೂ ಜೊತೆಯಾಗಿಯೇ ಹೊಸ ಒಕ್ಕೂಟಕ್ಕೆ ಸೇರಿದರು. ಅದು ಬೆಳೆದು ಪ್ಯಾಕ್-12 ಆಯಿತು. 2022ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು ಬಿಗ್ ಟೆನ್‌ಗೆ ಹೋಗುತ್ತೇವೆಂದವು. ಮರುವರ್ಷದ ಆಗಸ್ಟ್ 4ರಂದು ಆರಿಗನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. ಅವರಿಗೆ ಸಿಗಲಿದ್ದದ್ದು ಆರಂಭದಲ್ಲಿ ವರ್ಷಕ್ಕೆ ಸುಮಾರು ಮೂರು ಕೋಟಿ ಡಾಲರ್ ಎಂದು ವರದಿ. ಸೆಪ್ಟೆಂಬರ್ ಆರಂಭದ ಹೊತ್ತಿಗೆ ಹನ್ನೆರಡರಲ್ಲಿ ಉಳಿದವರು ಇಬ್ಬರೇ: ಆರಿಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಇಬ್ಬರೂ ಒಂದು ಕಾಲಕ್ಕೆ ಕೃಷಿ ಕಾಲೇಜಾಗಿದ್ದವರು, ಸಣ್ಣ ಊರಿನವರು. ಸುಮಾರು 16 ಕೋಟಿ ಡಾಲರ್ ವೆಚ್ಚದ ಹೊಸ ಕ್ರೀಡಾಂಗಣ ಕೊರ್ವಾಲಿಸ್‌ನಲ್ಲಿ ಬಾಗಿಲು ತೆರೆದದ್ದೂ ಅದೇ ತಿಂಗಳು.

ಭೂಗೋಳ ಪಾಠ ಮಾಡಿದವನಾಗಿ ಇಲ್ಲೊಂದು ಮಾತು. ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ಸದಸ್ಯರು, ಬಿಗ್ 12ರಲ್ಲಿ ಹದಿನಾರು. ಪೆಸಿಫಿಕ್ ಸಾಗರದ ಮಗ್ಗುಲಲ್ಲಿರುವ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕರಾವಳಿ ಒಕ್ಕೂಟದ ಸದಸ್ಯ! ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಸಿಗುತ್ತಿತ್ತು. ಯೂಜೀನಿನ ವಾಲಿಬಾಲ್ ಹುಡುಗಿಯರು ಒಕ್ಕೂಟದ ಪಂದ್ಯಕ್ಕಾಗಿ ನಾಲ್ಕು ಸಾವಿರ ಕಿಲೋಮೀಟರಿನಷ್ಟು ದೂರದ ನ್ಯೂಜೆರ್ಸಿಗೆ ಹಾರಬೇಕು. ಫುಟ್‌ಬಾಲಿನ ಪ್ರಸಾರಕ್ಕಾಗಿ ಬರೆದ ಒಪ್ಪಂದಕ್ಕೆ ತರಗತಿ ತಪ್ಪಿಸಿಕೊಳ್ಳುವವರು ಇವರು. ಸಾಲದ್ದಕ್ಕೆ, 2025ರ ರಾಜಿಯಲ್ಲಿ ಪ್ರತಿ ತಂಡದ ಸದಸ್ಯರ ಸಂಖ್ಯೆಗೂ ಮಿತಿ ಬಂದು, ವಿದ್ಯಾರ್ಥಿವೇತನವಿಲ್ಲದೆ ಬರೀ ಪ್ರೀತಿಯಿಂದ ಈಜುತ್ತಿದ್ದ, ಓಡುತ್ತಿದ್ದ ಎಷ್ಟೋ ಮಕ್ಕಳು ಜಾಗ ಕಳೆದುಕೊಳ್ಳುವಂತಾಯಿತು. ನ್ಯಾಯಾಧೀಶರು ಪಟ್ಟುಹಿಡಿದ ಮೇಲೆ, ಆಗಲೇ ಇದ್ದವರಿಗಷ್ಟೇ ರಿಯಾಯಿತಿ ದೊರಕಿತು.

ಇಲ್ಲಿ ನನ್ನ ಮೊಮ್ಮಗನ ವಾದವನ್ನು ಹೇಳಲೇಬೇಕು. ಕೊರ್ವಾಲಿಸ್‌ನಲ್ಲಿಯೇ ಹುಟ್ಟಿ ಬೆಳೆದ ಆತ 2024ರಲ್ಲಿ ಓದಲು ಸೇರಿದ್ದು ಯೂಜೀನಿಗೆ! ಮನೆಯಲ್ಲಿ ಈಗ ಕಿತ್ತಳೆ ಬಣ್ಣದ ಅಂಗಿಗಳ ನಡುವೆ ಒಂದು ಹಸಿರು ಅಂಗಿ. ಹೋದ ಸಲ ಫೋನಿನಲ್ಲಿ ನಾನು ಯೂಜೀನಿನವರನ್ನು ಬಯ್ಯುತ್ತಿದ್ದಾಗ ಆತ ಕೇಳಿದ: “ಅಜ್ಜ, ಜಾಸ್ತಿ ಸಂಬಳ ಸಿಗುತ್ತೆ ಅಂತ ಅಪ್ಪ ಶಿವಮೊಗ್ಗ ಬಿಟ್ಟು ಇಲ್ಲಿಗೆ ಬಂದ್ರಲ್ಲ, ಆವಾಗ ನೀವು ಬಯ್ದಿದ್ರಾ?”

ಬಯ್ದಿರಲಿಲ್ಲ. ಹಾಗೆ ನೋಡಿದರೆ ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ‘ಈ ಊರಿನಲ್ಲಿ ಕೊಳೆಯಬೇಡಿ, ಹೊರಡಿ’ ಎಂದು ಹೇಳಿ ಕಳುಹಿಸಿದವನೇ ನಾನು. ಇದನ್ನು ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತು ಓದುತ್ತಿರುವ ಕೆಲವರಿಗೆ ನೆನಪಿದ್ದೀತು. ಆದ್ದರಿಂದ ಆಟಗಾರ ತಂಡ ಬದಲಿಸಿದರೆ ನಾನು ಆಕ್ಷೇಪಿಸುವುದಿಲ್ಲ. 2023ರಲ್ಲಿ ನಮ್ಮ ಪರವಾಗಿ ಆಡಿದ ಕ್ವಾರ್ಟರ್‌ಬ್ಯಾಕ್ ಕ್ಲೆಮ್ಸನ್‌ನಿಂದ ಬಂದಿದ್ದವನು, ಒಂದೇ ವರ್ಷದಲ್ಲಿ ಫ್ಲಾರಿಡಾಕ್ಕೆ ಹೊರಟುಹೋದ. ಹೋಗಲಿ, ಆತನ ತೋಳು ಆತನದು. ತರಬೇತುದಾರ ಜೊನಾಥನ್ ಸ್ಮಿತ್ ನಮ್ಮಲ್ಲಿಯೇ ಓದಿ, ಆಡಿ, ತಂಡವನ್ನು ಮೇಲೆತ್ತಿದವರು; ಯೂಜೀನ್ ಪಂದ್ಯ ಸೋತ ಮರುದಿನವೇ ಮಿಷಿಗನ್ ಸ್ಟೇಟಿಗೆ ಹೊರಟರು. ಮನಸ್ಸಿಗೆ ನೋವಾಯಿತು, ಆದರೂ ಅದು ಅವರ ಬದುಕು. (ಎರಡೇ ವರ್ಷದಲ್ಲಿ, 2025ರ ಕೊನೆಗೆ, ಅಲ್ಲಿಂದ ಅವರನ್ನು ತೆಗೆದರು.) ವಿಶ್ವವಿದ್ಯಾಲಯದ ಮಾತು ಬೇರೆ. ಅದಕ್ಕೆ ಹೊಟ್ಟೆಯಿಲ್ಲ, ಸಾಕಬೇಕಾದ ಹೆಂಡತಿ ಮಕ್ಕಳಿಲ್ಲ. ರಾಜ್ಯದ ಜನ ನೆಲ ಕೊಟ್ಟು, ತೆರಿಗೆ ಕೊಟ್ಟು, ನೂರು ವರ್ಷ ಮಳೆಯಲ್ಲಿ ನೆನೆದು ಅದನ್ನು ಬೆಳೆಸಿದ್ದಾರೆ. ಒಂದೇ ರಾಜ್ಯದ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಒಂದು ಮತ್ತೊಂದನ್ನು ಬೀದಿಯಲ್ಲಿ ಬಿಟ್ಟು ಹೋಗುವಾಗ ಕೇಳುವವರು ಇರಬೇಕಿತ್ತು. ನನ್ನ ತಕರಾರು ಅದು. ಮೊಮ್ಮಗನಿಗೆ ಇದನ್ನೇ ಹೇಳಿದೆ. “ಸೋತವರು ಹೀಗೇ ಹೇಳೋದು ಅಜ್ಜ” ಎಂದ. 2024ರಲ್ಲಿ 49-14, 2025ರಲ್ಲಿ 41-7 ಎಂಬ ಅಂಕಗಳು ಆತನ ಕೈಯಲ್ಲಿದ್ದವು, ನಾನು ಸುಮ್ಮನಾದೆ.

ಪಕ್ಕದ ಮನೆಯ ಹಿರಿಯರ ಪಾಡು ಇನ್ನೊಂದು ಬಗೆಯದು. ಮೊದಲೆಲ್ಲ ಟಿಕೇಟಿನ ಹಣ, ಒಳ್ಳೆಯ ಆಸನಕ್ಕೆಂದು ಕಾಣಿಕೆ, ವಾಹನ ನಿಲ್ಲಿಸಲು ಶುಲ್ಕ. ಜಾಹೀರಾತಿನ ಹಕ್ಕು ಬಂದ ಮೇಲೆ ಆಟಗಾರರಿಗಾಗಿ ಹಣ ಕೂಡಿಸುವ ಅಭಿಮಾನಿ ಸಂಘಗಳು ಊರೂರಿನಲ್ಲಿ ಹುಟ್ಟಿಕೊಂಡವು. ತಿಂಗಳು ತಿಂಗಳೂ ಇಷ್ಟು ಕೊಡಿ, ಇಲ್ಲವಾದರೆ ಹುಡುಗರು ಬಿಟ್ಟುಹೋಗುತ್ತಾರೆ ಎಂದು ಅವರಿಗೂ ಮನವಿ ಬರುತ್ತದೆ. ಪಿಂಚಣಿಯಲ್ಲಿ ಬದುಕುವವರು, ತಮಗಿಂತ ಹೆಚ್ಚು ವರಮಾನವಿರಬಹುದಾದ ಇಪ್ಪತ್ತರ ಹುಡುಗನಿಗೆ ಚಂದಾ ಎತ್ತುವುದು ಸರಿಯೇ? ಸರಿಯಲ್ಲವೆಂದೇ ನಾನು ಹೇಳಿದೆ. ಪ್ರಸಾರದ ಹಣ ಎಣಿಸುವವರು ಕೊಡಲಿ. ಅವರು ಮಾತ್ರ ಕೊಡುವುದನ್ನು ನಿಲ್ಲಿಸಿಲ್ಲ.

2024ರಲ್ಲಿ ಆಡಲು ಜೊತೆಯೇ ಇಲ್ಲದಿದ್ದಾಗ ನಮ್ಮಿಬ್ಬರಿಗೂ ಪಂದ್ಯಗಳನ್ನು ಕೊಟ್ಟು ಕೈಹಿಡಿದದ್ದು ಮೌಂಟನ್ ವೆಸ್ಟ್ ಎಂಬ ಚಿಕ್ಕ ಒಕ್ಕೂಟ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮವರು ಅದೇ ಒಕ್ಕೂಟದಿಂದ ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಕೊಲರಾಡೊ ಸ್ಟೇಟ್, ಯೂಟಾ ಸ್ಟೇಟ್ ಈ ಐವರನ್ನು ಒಲಿಸಿಕೊಂಡು, 2026ರ ಜುಲೈ 1ರಿಂದ ಪ್ಯಾಕ್-12ನ್ನು ಮತ್ತೆ ಕಟ್ಟುವುದೆಂದು ಸಾರಿದರು. ಸದಸ್ಯರನ್ನು ಸೆಳೆದರೆ ದಂಡ ತೆರಬೇಕೆಂಬ ಕರಾರಿನ ವಿರುದ್ಧ ನ್ಯಾಯಾಲಯಕ್ಕೂ ಹೋದರು. ಈ ಸುದ್ದಿಯನ್ನು ಹಿರಿಯರೊಡನೆ ಪ್ರಸ್ತಾಪಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ; ಆಮೇಲೆ, ಬಾಯ್ಸಿಯಾದರೆ ಕಾರಿನಲ್ಲಿ ಹೋಗಿಬರಬಹುದು ಎಂದಷ್ಟೇ ಹೇಳಿದರು. ಮರುವರ್ಷ ಟೆಕ್ಸಾಸ್ ಸ್ಟೇಟ್ ಕೂಡ ಸೇರುವುದಾಗಿ ಪ್ರಕಟವಾಯಿತು. ಅದು ಸ್ಯಾನ್ ಮಾರ್ಕೋಸ್ ಎಂಬ ಊರಿನಲ್ಲಿದೆ. ಕಪಾಟಿನಿಂದ ಹಳೆಯ ಭೂಪಟ ಪುಸ್ತಕ ತೆಗೆದು ಅಳತೆಪಟ್ಟಿ ಇಟ್ಟು ನೋಡಿದೆ. ಪೆಸಿಫಿಕ್ ಸಾಗರ ಅಲ್ಲಿಂದ ಬಲು ದೂರ.