ಕದಲದ ಮೈ

ಕನಸು ಕಾಣುತ್ತಿರುವಾಗಲೇ ಇದು ಕನಸು ಎಂದು ತಿಳಿಯಬೇಕು, ತಿಳಿದ ಮೇಲೂ ಎಚ್ಚರಾಗದೆ ಅದರೊಳಗೆ ಓಡಾಡಬೇಕು. ಲೂಸಿಡ್ ಡ್ರೀಮಿನ ಈ ಆಸೆ ಹೊತ್ತವರಲ್ಲಿ ಅನೇಕರು ಮಲಗಿದ ನಾಲ್ಕೈದು ತಾಸಿಗೆ ಅಲಾರಾಂ ಇಟ್ಟು ಏಳುತ್ತಾರೆ, ಸ್ವಲ್ಪ ಹೊತ್ತು ಕೂತು ಮತ್ತೆ ಮಲಗುತ್ತಾರೆ. ಬೆಳಗಿನ ಜಾವದ ನಿದ್ದೆಯಲ್ಲಿ ಕನಸಿನ ಪಾಲು ಹೆಚ್ಚು. ಮನಸ್ಸಿಗೆ ಜೊಂಪು ಹತ್ತದಂತೆ ನೋಡಿಕೊಂಡು ನೇರ ಅಲ್ಲಿಗೇ ಇಳಿಯುವ ಲೆಕ್ಕಾಚಾರ. ಇಳಿಯುವ ಹೊತ್ತಿಗೆ ಕೆಲವರಿಗೆ ಸ್ಲೀಪ್ ಪ್ಯಾರಾಲಿಸಿಸ್, ಎಂದರೆ ಎಚ್ಚರವಿದ್ದೂ ಮೈ ಕದಲದ ಸ್ಥಿತಿ, ಎದುರಾಗುತ್ತದೆ.

ನಾನೂ ಅಕ್ಕನ ಮಗನೂ ಈ ಅಭ್ಯಾಸವನ್ನು ಒಂದೇ ಬೇಸಿಗೆಯಲ್ಲಿ ಶುರುಮಾಡಿದೆವು. ನನಗೆ ಅಂಗಾತ ಮಲಗಿದಾಗಲೇ ಅದು ಬರುತ್ತಿತ್ತು. ಮೊದಲು ಕಿವಿಯೊಳಗೆ ಗುಂಯ್ ಎಂಬ ಸದ್ದು. ಆಮೇಲೆ ಕಿರುಬೆರಳೂ ಅಲುಗದು. ಫ್ಯಾನ್ ತಿರುಗುವುದು ಕೇಳುತ್ತದೆ, ಗೋಡೆಯ ಕ್ಯಾಲೆಂಡರ್ ಕಾಣುತ್ತದೆ, ಬಾಗಿಲ ಪಕ್ಕ ಯಾರೋ ನಿಂತಿದ್ದಾರೆ ಎಂಬುದೂ ಅಷ್ಟೇ ನಿಚ್ಚಳ. ಕೂಗಬೇಕು, ದನಿ ಹೊರಡದು. ಅವನಿಗೋ ಹಾಸಿಗೆ ಬಿಟ್ಟು ಮೇಲೆದ್ದು ತೇಲಿದ ಅನುಭವ. “ಹೆದರಿಕೆ ಯಾಕೆ ಮಾವ? ನಂಗೆ ಉಯ್ಯಾಲೆ ತೂಗಿದ ಹಾಗಿರುತ್ತೆ” ಅಂದ. ಇದೇ ಅಭ್ಯಾಸ ಮಾಡಿದ ಗೆಳತಿಯೊಬ್ಬಳಿಗೆ ಬೇಕಾದ ಕನಸುಗಳು ಬಂದವು, ಮೈ ಹಿಡಿದುಕೊಂಡದ್ದು ಒಮ್ಮೆಯೂ ಇಲ್ಲ.

ದೇಹ ಮಾಡುವ ಕೆಲಸ ಮಾತ್ರ ಎಲ್ಲರಲ್ಲೂ ಒಂದೇ. ಕನಸು ಬೀಳುವ ರೆಮ್ ನಿದ್ದೆಯಲ್ಲಿ ಮಿದುಳಿನ ಕಾಂಡ ಕೈಕಾಲುಗಳ ನರಗಳನ್ನು ತಡೆಹಿಡಿಯುತ್ತದೆ, ಕನಸಿನ ಓಟ ಹಾಸಿಗೆಯ ಮೇಲೆ ನಡೆಯದಿರಲಿ ಎಂದು. ಮನಸ್ಸು ಎಚ್ಚರವಿರುವಾಗಲೂ ಆ ತಡೆ ಉಳಿದರೆ ಮೈ ಕದಲದು. ಫ್ರಾನ್ಸಿನ ಮಿಷೆಲ್ ಜೂವೆ 1960ರ ದಶಕದಲ್ಲಿ ಬೆಕ್ಕುಗಳಲ್ಲಿ ಈ ತಡೆಯನ್ನು ಕೆಡಿಸಿ ನೋಡಿದರೆ, ಅವು ನಿದ್ದೆಯಲ್ಲೇ ಎದ್ದು ಬೇಟೆಯಾಡಿದವು. ಕಣ್ಣು ಮತ್ತು ಉಸಿರಾಡಿಸುವ ವಪೆ ಈ ತಡೆಗೆ ಸಿಗುವುದಿಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಅಲನ್ ವರ್ಸ್ಲಿ ಕನಸಿನೊಳಗಿಂದಲೇ ಕಣ್ಣು ಹೊರಳಿಸಿ ಸಂಶೋಧಕ ಕೀತ್ ಹರ್ನ್‌ಗೆ ಸನ್ನೆ ಕಳಿಸಲು ಸಾಧ್ಯವಾದದ್ದು ಅದರಿಂದಲೇ. ಎದೆಯ ಸ್ನಾಯುಗಳು ಸಡಿಲವಾಗಿ ಉಸಿರು ಮೇಲುಮೇಲಕ್ಕಾದಾಗ ಎದೆಯ ಮೇಲೆ ಭಾರ ಕೂತಂತಾಗುತ್ತದೆ. ಪ್ರಾಣ ಹೋಗುವುದಿಲ್ಲ, ಹೋಯಿತೆನ್ನಿಸುತ್ತದೆ.

ಕೆನಡಾದ ಅಲನ್ ಚೇನ್ ಇಂಥ ಅನುಭವಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಕೋಣೆಯಲ್ಲಿ ಯಾರೋ ಇರುವುದು, ಎದೆ ಅಮುಕುವುದು, ತೇಲುವುದು. ಮೊದಲೆರಡು ಸಾಮಾನ್ಯವಾಗಿ ಜತೆಜತೆಗೇ ಬರುತ್ತವೆ, ಭಯವನ್ನೂ ತರುತ್ತವೆ. ಮೂರನೆಯದರಲ್ಲಿ ಆನಂದವೂ ಉಂಟು. ಯಾರಿಗೆ ಯಾವುದು ಎಂಬುದರಲ್ಲಿ ಬೆಳೆದ ಮನೆಯ ಕತೆಗಳ ಕೈವಾಡ ದೊಡ್ಡದೆಂದು ನನ್ನ ನಂಬಿಕೆ. ದೆವ್ವ ಎದೆ ಮೇಲೆ ಕೂತಿತ್ತು ಎನ್ನುವ ಮಾತು ಕೇಳುತ್ತ, ದಿಂಬಿನಡಿ ಕಬ್ಬಿಣದ ತುಂಡಿಟ್ಟು ಮಲಗಿಸುತ್ತಿದ್ದ ಅಜ್ಜಿಯ ಮಗ್ಗುಲಲ್ಲಿ ನಾನು ಬೆಳೆದೆ. ಅಕ್ಕನ ಮಗನ ಕಿವಿಗೆ ಅದು ಬಿದ್ದೇ ಇಲ್ಲ. ಈಜಿಪ್ಟಿನವರನ್ನೂ ಡೆನ್ಮಾರ್ಕಿನವರನ್ನೂ ಹೋಲಿಸಿ ನೋಡಿದ ಬಲಂದ್ ಜಲಾಲ್ ಅವರಿಗೆ ಈಜಿಪ್ಟಿನವರಲ್ಲೇ ಸಾವಿನ ಭಯ ಹೆಚ್ಚು, ಮೈ ಕದಲದ ಹೊತ್ತೂ ದೀರ್ಘ ಎಂದು ಕಂಡಿತು. ಹೆದರಿಕೆ ಹೆದರಿಕೆಯನ್ನೇ ಬೆಳೆಸುತ್ತದೆ.

ಆದ್ದರಿಂದ “ಅದನ್ನು ತಡಕೋ, ಅದೇ ಬಾಗಿಲು” ಎಂದು ಎಲ್ಲರಿಗೂ ಒಂದೇ ಬುದ್ಧಿವಾದ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲೇ ನಿದ್ದೆಗೆಟ್ಟವರಿಗೆ, ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಸ್ಲೀಪ್ ಪ್ಯಾರಾಲಿಸಿಸ್ ಬಹು ಸುಲಭವಾಗಿ ಬರುತ್ತದೆ. ಅವರು ಇನ್ನಷ್ಟು ನಿದ್ದೆ ಕಡಿದುಕೊಳ್ಳುವುದು ಸರಿಯಲ್ಲ. ಬೇರೆ ದಾರಿಯೂ ಇದೆ. ಮುಂದಿನ ಕನಸನ್ನು ಕನಸೆಂದೇ ಗುರುತಿಸುತ್ತೇನೆ ಎಂದು ಸಂಕಲ್ಪಿಸಿ ನಿದ್ದೆಹೋಗುವ ವಿಧಾನವನ್ನು ಸ್ಟಾನ್‌ಫರ್ಡಿನ ಸ್ಟೀಫನ್ ಲಾಬರ್ಜ್ ರೂಪಿಸಿದರು. ಇಲ್ಲಿ ಅರಿವು ಮೂಡುವುದು ಕನಸಿನ ಒಳಗೇ, ಹೊಸ್ತಿಲಲ್ಲಿ ಎಚ್ಚರವಾಗಿ ಕಾಯಬೇಕಿಲ್ಲ.

ನಾನೀಗ ಅದನ್ನೇ ಮಾಡುತ್ತೇನೆ, ಮಗ್ಗುಲಾಗಿ ಮಲಗುತ್ತೇನೆ. ಅಂಥ ಕನಸು ಅಪರೂಪಕ್ಕೊಮ್ಮೆ ಬರುತ್ತದೆ, ಅಷ್ಟು ಸಾಕು. ಅಕ್ಕನ ಮಗನಿಗೆ ಬಿಡು ಅಂದಿಲ್ಲ. ಪರೀಕ್ಷೆ ಮುಗಿಯುವವರೆಗೆ ನಡುರಾತ್ರಿ ಅಲಾರಾಂ ಬೇಡ ಅಂದಿದ್ದೇನೆ, ಒಪ್ಪಿದ್ದಾನೆ.