ಹೆಪ್ಪು ಹಾಕಿದ ಹಾಲು ಮತ್ತು ಅಮೆರಿಕೆಯ ತೆರಿಗೆ

ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯರಲ್ಲಿ ಮೂವರು ಇತ್ತೀಚೆಗೆ ಒಂದೇ ಬಗೆಯ ಪ್ರಶ್ನೆ ಕೇಳಿದ್ದಾರೆ. ಗಣಿತದ ಮೇಷ್ಟ್ರಿಗೆ ತೆರಿಗೆಯೂ ಗೊತ್ತಿರಲೇಬೇಕೆಂಬುದು ಅವರ ನಂಬಿಕೆ. ನಾನು ತೆರಿಗೆ ಪಂಡಿತನಲ್ಲ. ಆದರೆ 2025ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದಾಗ ಅವಳ ತೆರಿಗೆ ಲೆಕ್ಕವನ್ನು ಸಾಲುಸಾಲಾಗಿ ಓದುವ ಪ್ರಸಂಗ ಒದಗಿತು.

ನನ್ನಂಥವರಿಗೆ ಪಿಂಚಣಿ ತಿಂಗಳಿಗೊಮ್ಮೆ ತಾನಾಗಿ ಖಾತೆಗೆ ಬಂದು ಬೀಳುತ್ತದೆ. (2006ರಲ್ಲಿ ಕರ್ನಾಟಕಕ್ಕೆ ಎನ್‌ಪಿಎಸ್ ಬಂದ ಮೇಲೆ ನೌಕರಿಗೆ ಸೇರಿದ ಶಿಷ್ಯರು ಈ ಮಾತಿಗೆ ಮುನಿಸಿಕೊಳ್ಳಬಾರದು.) ಅಲ್ಲಿಯವರು ಮುಪ್ಪಿನ ಗಂಟನ್ನು ತಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಐಆರ್‌ಎ ಎಂಬ ಖಾತೆ. ಸಾಂಪ್ರದಾಯಿಕ ಐಆರ್‌ಎಯಲ್ಲಿ ಹಣ ಹಿಂತೆಗೆಯುವಾಗ ತೆರಿಗೆ. 1997ರ ಕಾಯಿದೆಯಿಂದ ಬಂದು, ಸೆನೆಟರ್ ವಿಲಿಯಂ ರಾತ್ ಅವರ ಹೆಸರು ಹೊತ್ತ ರಾತ್ ಐಆರ್‌ಎಯಲ್ಲಿ ತೆರಿಗೆ ಕೊಟ್ಟ ಹಣವನ್ನೇ ಇಡಬೇಕು; ನಿಯಮದಂತೆ ತೆಗೆದರೆ ಮುಂದೆ ತೆರಿಗೆಯಿಲ್ಲ.

ಮಗಳು 2024ರ ಆರಂಭದಲ್ಲಿ ರಾತ್ ಖಾತೆಗೆ 7,000 ಡಾಲರ್ ಹಾಕಿದ್ದಳು. ವರ್ಷ ಮುಗಿಯುವ ಹೊತ್ತಿಗೆ ದಂಪತಿಗಳ ಆದಾಯ 2,40,000 ಡಾಲರಿನ ಮಿತಿ ದಾಟುವುದು ಖಚಿತವಾಯಿತು. ಮಿತಿ ದಾಟಿದವರು ನೇರವಾಗಿ ರಾತ್‌ಗೆ ಹಾಕುವಂತಿಲ್ಲ. ಆದ್ದರಿಂದ ಆ ಹಣವನ್ನು, ಅದರ 350 ಡಾಲರ್ ಗಳಿಕೆಯೊಡನೆ, ಸಾಂಪ್ರದಾಯಿಕ ಖಾತೆಗೆ ಕಟ್ಟಿದ್ದೆಂದೇ ಪರಿಗಣಿಸುವಂತೆ ಬದಲಿಸಿದಳು. ಇದೇ ರೀಕ್ಯಾರೆಕ್ಟರೈಸೇಷನ್. ಕೆಲವೇ ದಿನಗಳಲ್ಲಿ ಅಷ್ಟನ್ನೂ ರಾತ್‌ಗೆ ಪರಿವರ್ತಿಸಿದಳು, ಇದು ಕನ್ವರ್ಷನ್. ಎರಡೂ ಕ್ರಮಬದ್ಧವೇ.

ಫೆಬ್ರವರಿಯಲ್ಲಿ ಎರಡು 1099-ಆರ್ ನಮೂನೆಗಳು ಬಂದಿದ್ದವು. ಎರಡರಲ್ಲೂ 7,350 ಡಾಲರ್. ಮೊದಲನೆಯದರಲ್ಲಿ 'ಎನ್' ಎಂಬ ಸಂಕೇತ, ತೆರಿಗೆಗೊಳಪಡುವ ಮೊತ್ತ ಸೊನ್ನೆ. ಎರಡನೆಯದರಲ್ಲಿ ಪೂರ್ತಿ ಮೊತ್ತವೇ ತೆರಿಗೆಗೊಳಪಡುವಂತೆ ಮುದ್ರಿತವಾಗಿತ್ತು, ಪಕ್ಕದಲ್ಲಿ "ನಿರ್ಧಾರವಾಗಿಲ್ಲ" ಎಂಬ ಗುರುತು. ಕಂಪ್ಯೂಟರು ಆ ಗುರುತನ್ನು ಲೆಕ್ಕಿಸದೆ ಅಷ್ಟನ್ನೂ ಆದಾಯಕ್ಕೆ ಕೂಡಿಸಿತು.

"ಅಪ್ಪಾ, ಸಂಬಳಕ್ಕೆ ಒಮ್ಮೆ ತೆರಿಗೆ ಕೊಟ್ಟಾಯಿತಲ್ಲ, ಮತ್ತೆ ಯಾಕೆ?" ಎಂದಳು.

ಉತ್ತರ 8606 ಎಂಬ ನಮೂನೆಯಲ್ಲಿತ್ತು. ವಿನಾಯಿತಿ ಪಡೆಯದೆ ಕಟ್ಟಿದ 7,000 ಡಾಲರನ್ನು ಅದರ ಮೊದಲ ಭಾಗದಲ್ಲಿ ದಾಖಲಿಸಿದೊಡನೆ ತೆರಿಗೆಗೊಳಪಡುವುದು 350ಕ್ಕಿಳಿಯಿತು. ಮುಖ್ಯ ನಮೂನೆಯಾದ 1040ರ 4ಎ ಸಾಲಿನಲ್ಲಿ ಎರಡೂ ವರ್ಗಾವಣೆಗಳು ಸೇರಿ 14,700. 4ಬಿ ಸಾಲಿನಲ್ಲಿ 350. ನಡೆದದ್ದನ್ನು ವಿವರಿಸುವ ಪುಟ್ಟ ಹೇಳಿಕೆಯೊಂದನ್ನು ಲಗತ್ತಿಸಿದೆವು. ಶೇಕಡ 24ರ ದರದಲ್ಲಿ ಉಳಿದದ್ದು 1,680 ಡಾಲರ್. ಮೊಮ್ಮಗನ ಡೇಕೇರ್ ಶುಲ್ಕಕ್ಕೆ ಪರದಾಡುವ ಮನೆಯಲ್ಲಿ ಅದೇನು ಸಣ್ಣ ಮೊತ್ತವಲ್ಲ.

ಅವಳಿಗೆ ಬೇರೆ ಐಆರ್‌ಎ ಇಲ್ಲದ್ದರಿಂದ ಲೆಕ್ಕ ಇಷ್ಟು ಸಲೀಸಾಯಿತು. ಪತ್ರ ಬರೆದವರಲ್ಲೊಬ್ಬನಿಗೆ ಹಳೆಯ ನೌಕರಿಯಿಂದ ತಂದು ಸೇರಿಸಿದ, ತೆರಿಗೆ ಕೊಡದ ಹಣವೂ ಇದೆ. 63,000 ಹಾಗೆ ಇದ್ದು, ಹೊಸದಾಗಿ 7,000 ಹಾಕಿ ಅಷ್ಟನ್ನೇ ಪರಿವರ್ತಿಸಿದರೂ "ಹೊಸ ಹಣ ಮಾತ್ರ ತೆಗೆದೆ" ಎನ್ನುವಂತಿಲ್ಲ. ಎಲ್ಲ ಖಾತೆಗಳನ್ನೂ ಒಟ್ಟುಗೂಡಿಸಿ ಅನುಪಾತ ಹಾಕಬೇಕು: 700ಕ್ಕೆ ಮಾತ್ರ ತೆರಿಗೆಯಿಲ್ಲ, 6,300ಕ್ಕೆ ಉಂಟು. ಪಾಯಸಕ್ಕೆ ಬೆರೆತ ಸಕ್ಕರೆಯನ್ನು ಒಂದೇ ಲೋಟಕ್ಕೆ ಬಸಿಯಲಾಗದು, ಅಷ್ಟೆ. ಉಳಿದ 6,300 ಮುಂದಿನ ವರ್ಷಗಳ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ 8606ರ ಪ್ರತಿಗಳನ್ನು ಮನೆಪತ್ರದಷ್ಟೇ ಜೋಪಾನವಾಗಿಡಪ್ಪಾ.

ಇನ್ನೊಬ್ಬ ಶಿಷ್ಯನ ಪತ್ರ ಮನಸ್ಸಿಗೆ ನೋವುಂಟುಮಾಡಿತು. 2025ರ ಆರಂಭದಲ್ಲಿ ದೊಡ್ಡ ಮೊತ್ತವನ್ನೇ ಪರಿವರ್ತಿಸಿದನಂತೆ, ಏಪ್ರಿಲ್‌ನಲ್ಲಿ ಷೇರುಪೇಟೆ ಕುಸಿದಾಗ ಗಾಬರಿಯಾಗಿ, "ಮೇಷ್ಟ್ರೇ, ಹಿಂದಕ್ಕೆ ತೆಗೆದುಕೊಳ್ಳಲು ದಾರಿಯಿಲ್ಲವೆ?" ಎಂದು ಬರೆದಿದ್ದ. ಹಿಂದೆ ಇತ್ತು, ಮರುವರ್ಷದ ಅಕ್ಟೋಬರ್ 15ರವರೆಗೂ ಪರಿವರ್ತನೆಯನ್ನು ರದ್ದುಪಡಿಸಬಹುದಿತ್ತು. 2017ರ ಕಾಯಿದೆ ಆ ಬಾಗಿಲನ್ನು 2018ರಿಂದ ಮುಚ್ಚಿತು. ವಂತಿಗೆಯ ಸ್ವರೂಪವನ್ನು ಇಂದಿಗೂ ಬದಲಿಸಬಹುದು, ಪರಿವರ್ತನೆಯನ್ನಲ್ಲ. ಹೆಪ್ಪು ಹಾಕಿದ ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗುವುದೆಂತು? ಪರಿವರ್ತಿಸಿದ ದಿನದ ಬೆಲೆಗೇ ತೆರಿಗೆ ಕೊಡಬೇಕೆಂದು ಅವನಿಗೆ ಬರೆದೆ. ತೆರಿಗೆಯ ಹಣವನ್ನು ಆ ಖಾತೆಯಿಂದಲೇ ತೆಗೆಯಬೇಡವೆಂದೂ ಸೇರಿಸಿದೆ. ಅವನ ಉತ್ತರ ಇನ್ನೂ ಬಂದಿಲ್ಲ.